ಪೇರಲೆ ಕುಡಿ, ಪಥ್ಯ ಮತ್ತು ನನ್ನ ದೊಡ್ಡ ಕರುಳು

ಸಾಗರದ ಹತ್ತಿರ ನಮ್ಮೂರ ಮನೆಯ ಹಿತ್ತಲಲ್ಲಿ ಒಂದು ಪೇರಲೆ ಮರ ಇದೆ. ಅದು ಬೆಳೆದಿರುವುದು ಒಂದೇ ಕಡೆಗೆ. ಬಾವಿಯ ಕಡೆಯ ಕೊಂಬೆಗಳು ದಟ್ಟವಾಗಿವೆ. ಅಡುಗೆಮನೆ ಕಡೆಯವು ಬೋಳು ಬೋಳು. ಅಮ್ಮನ ಕೈಗೆ ಎಟಕುವಷ್ಟು ಎತ್ತರದವರೆಗೆ ಒಂದು ಕುಡಿಯೂ ಉಳಿದಿಲ್ಲ. ಹನ್ನೆರಡು ವರ್ಷದಿಂದ ಅಮ್ಮ ಅದನ್ನು ಚಿವುಟುತ್ತಲೇ ಇದ್ದಾಳೆ. ಎಲ್ಲಾ ನನ್ನ ಹೊಟ್ಟೆಯ ಸಲುವಾಗಿ.

ಎಳೆ ಕುಡಿಯನ್ನು ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಬೇಕು. ತೆಂಗಿನತುರಿ ಹಾಕಿ ನುಣ್ಣಗೆ ರುಬ್ಬಬೇಕು. ಹುಳಿ ಇಲ್ಲದ ಮಜ್ಜಿಗೆಗೆ ಕದಡಿ ಉಪ್ಪು ಹಾಕಿದರೆ ತಂಬುಳಿ. ಮಲೆನಾಡಿನಲ್ಲಿ ಹೊಟ್ಟೆ ಕೆಟ್ಟಿತು ಅಂದರೆ ಮೊದಲು ಓಡುವುದು ಮೆಡಿಕಲ್ ಶಾಪಿಗಲ್ಲ, ಹಿತ್ತಲಿಗೆ. ಪೇರಲೆ ಕುಡಿ ಇಲ್ಲದಿದ್ದರೆ ನೇರಳೆ ಚಿಗುರು, ಅದೂ ಇಲ್ಲದಿದ್ದರೆ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ, ಇಲ್ಲವೇ ಕೊಡಸಿಗೆ ಹೂವು. ಇವೆಲ್ಲ ಒಗರು. ಒಗರು ಭೇದಿಯನ್ನು ಕಟ್ಟುತ್ತದೆ ಅನ್ನುವುದು ಅಮ್ಮನ ಲೆಕ್ಕ. ಮಾಮೂಲಿ ಭೇದಿಗೆ ಆ ಲೆಕ್ಕ ಎಷ್ಟೋ ಸಲ ಸರಿಯಾಗಿದೆ. ನನ್ನದು ಮಾಮೂಲಿ ಭೇದಿ ಆಗಿರಲಿಲ್ಲ, ಅಷ್ಟೇ.

2013ರ ಮಳೆಗಾಲ. ಶಿವಮೊಗ್ಗದ ಒಂದು ಹೈಸ್ಕೂಲಿಗೆ ಗಣಿತದ ಟೀಚರ್ ಆಗಿ ಸೇರಿ ಎರಡು ವರ್ಷ ಆಗಿತ್ತು. ಬೆಳಿಗ್ಗೆ ಎದ್ದು ಹೋದರೆ ರಕ್ತ. ಯಾರಿಗೆ ಹೇಳುವುದು? ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಉಷ್ಣ ಆಗಿದೆ, ಎಳನೀರು ಕುಡಿ" ಅಂದಳು. ಕುಡಿದೆ. ಕಾಮಕಸ್ತೂರಿ ಬೀಜ ನೆನೆಹಾಕಿ ಕುಡಿದೆ. ತಲೆಗೆ ಹರಳೆಣ್ಣೆ ಹಚ್ಚಿಕೊಂಡೆ. ಸ್ಟಾಫ್ ರೂಮಿನ ಅಕ್ಕ ಒಬ್ಬರು ಮೂಲವ್ಯಾಧಿ ಇರಬೇಕು ಅಂದರು. ನಮ್ಮ ಕಡೆ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆಲ್ಲ ಮೂಲವ್ಯಾಧಿಗೆ ಗ್ಯಾರಂಟಿ ಚಿಕಿತ್ಸೆ ಅಂತ ಬರೆದಿರುತ್ತದಲ್ಲ, ಅಂಥ ಒಂದು ಕಡೆಯಿಂದ ತಂದ ಮಾತ್ರೆಯನ್ನೂ ನುಂಗಿದೆ. ಆರು ತಿಂಗಳು ಹೀಗೇ ಕಳೆಯಿತು. 54 ಕೆಜಿ ಇದ್ದವಳು 46ಕ್ಕೆ ಇಳಿದೆ. ಆಮೇಲೆ ಕೊಲೊನೋಸ್ಕೋಪಿ ಆಯಿತು. ಪರದೆಯ ಮೇಲೆ ನನ್ನದೇ ಕರುಳಿನ ಒಳಗೋಡೆ ಕಂಡಿತು. ಮಕ್ಕಳು ಗ್ರೌಂಡಿನಲ್ಲಿ ಬಿದ್ದು ಮಂಡಿ ತರಚಿಕೊಂಡು ಬರುತ್ತಾರಲ್ಲ, ಥೇಟ್ ಹಾಗೆ. ಕೆಂಪು, ಒದ್ದೆ, ಅಲ್ಲಲ್ಲಿ ಬಿಳಿ ಕೀವು.

ಅಲ್ಸರೇಟಿವ್ ಕೊಲೈಟಿಸ್ ಅಂತ ಡಾಕ್ಟರ್ ಹೇಳಿದರು. ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆಗಳು, ಅನ್ನುವ ಗುಂಪಿನಲ್ಲಿ ಮುಖ್ಯವಾಗಿ ಎರಡು ಕಾಯಿಲೆ. ನನ್ನದು ದೊಡ್ಡ ಕರುಳಿನದು, ಕೆಳಗಿನ ತುದಿಯಲ್ಲಿ ಶುರುವಾಗಿ ಮೇಲಕ್ಕೆ ಹಬ್ಬುವಂಥದ್ದು. ಇನ್ನೊಂದು ಕ್ರೋನ್ಸ್. 1932ರಲ್ಲಿ ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ಜೊತೆಯ ವೈದ್ಯರು ಅದರ ಬಗ್ಗೆ ಬರೆದಿದ್ದರಿಂದ ಬಂದ ಹೆಸರು. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಗೋಡೆಯ ಆಳಕ್ಕೂ ಇಳಿಯುತ್ತದೆ. ನಮ್ಮ ದೇಶದಲ್ಲಿ ಕರುಳಿನ ಟಿಬಿಯೂ ನೋಡಲು ಹಾಗೇ ಇರುವುದರಿಂದ ಎಷ್ಟೋ ಜನ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಆಮೇಲೆ ಕ್ರೋನ್ಸ್ ಅಂತ ಗೊತ್ತಾಗುವುದುಂಟು. ಐಬಿಎಸ್ ಬೇರೆ, ಅದು ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ತೊಂದರೆ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ, ಆದರೆ ಅದರಲ್ಲಿ ಕರುಳಿಗೆ ಹುಣ್ಣಾಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ವಾಟ್ಸ್ಯಾಪಿನಲ್ಲಿ ಬರುವ "ಹೊಟ್ಟೆ ಸಮಸ್ಯೆಗೆ ರಾಮಬಾಣ"ಗಳಿಗೆ ಈ ಒಂದಕ್ಷರದ ಅಂತರ ಗೊತ್ತಿರುವುದಿಲ್ಲ.

ಸುದ್ದಿ ಊರಿಗೆ ಮುಟ್ಟಿತು. ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಎಲ್ಲರ ಬಾಯಲ್ಲೂ ಒಂದೇ ಗಾದೆ. "ಊಟ ಬಲ್ಲವನಿಗೆ ರೋಗವಿಲ್ಲ." ಆ ಗಾದೆಯನ್ನು ನಾನೇ ಮಕ್ಕಳಿಗೆ ಪ್ರಬಂಧ ಸ್ಪರ್ಧೆಗೆ ಕೊಟ್ಟಿದ್ದೆ. ಹಾಸಿಗೆಯಲ್ಲಿ ಮಲಗಿ ಕೇಳಿದಾಗ ಅದರ ಇನ್ನೊಂದು ಅರ್ಥ ಚುಚ್ಚಿತು. ರೋಗ ಬಂತು ಅಂದರೆ ನಿನಗೆ ಊಟ ಗೊತ್ತಿಲ್ಲ ಅಂತ ತಾನೇ? ಹೋಟೆಲ್ ತಿಂಡಿ ಜಾಸ್ತಿ ತಿಂದಳು, ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಮದುವೆ ಮುಂದೂಡಿದಳು. ಮದುವೆಗೂ ಕರುಳಿಗೂ ಏನು ಸಂಬಂಧವೋ! ನಿಜ ಹೇಳಬೇಕೆಂದರೆ ಈ ಕಾಯಿಲೆ ಯಾರಿಗೆ ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದೇ ಕಾರಣ ಇಲ್ಲ. ಹುಟ್ಟಿನಿಂದ ಬಂದ ಗುಣ, ಕರುಳಿನ ಸೂಕ್ಷ್ಮಜೀವಿಗಳು, ರೋಗನಿರೋಧಕ ಶಕ್ತಿಯ ಅತಿರೇಕ, ಬದಲಾದ ಊಟ ಮತ್ತು ಬದುಕು, ಎಲ್ಲ ಸೇರಿಕೊಂಡಿವೆ. ನಾನು ಆನವಟ್ಟಿಯ ಮಿರ್ಚಿ ಭಜಿ ತಿಂದಿದ್ದೇ ಕಾರಣ ಅಂತ ಚಿಕ್ಕಪ್ಪ ಈಗಲೂ ನಂಬಿದ್ದಾರೆ. ನಂಬಲಿ.

ಡಾಕ್ಟರ್ ಕೊಟ್ಟಿದ್ದು ಮೆಸಲಮೈನ್ ಮಾತ್ರೆ. ದಿನಕ್ಕೆ 2.4 ಗ್ರಾಂ. ರಾತ್ರಿ ಅದರದ್ದೇ ಎನಿಮಾ. ಎಡಗಡೆ ಮಗ್ಗುಲಲ್ಲಿ ಮಲಗಿ, ಕೆಳಗೆ ಹಳೇ ಟವೆಲ್ ಹಾಸಿಕೊಂಡು, ಔಷಧಿ ಒಳಗೆ ನಿಲ್ಲಲಿ ಅಂತ ಅಲ್ಲಾಡದೆ ಮಲಗಿರುವ ಆ ಅರ್ಧ ಗಂಟೆಯನ್ನು ಯಾರೂ ಬರೆಯುವುದಿಲ್ಲ. ನಾನಂತೂ ಆಗ 17ರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ರಕ್ತ ನಿಂತಿತು. ತೂಕ ಏರಿತು. ವರ್ಷ ಕಳೆಯುವಷ್ಟರಲ್ಲಿ ನಾನು ಪೂರ್ತಿ ಹುಷಾರು. ಇಲ್ಲಿಂದಲೇ ನನ್ನ ದಡ್ಡತನ ಶುರುವಾಗುವುದು.

ಹುಷಾರಾಗಿರುವವಳಿಗೆ ಮಾತ್ರೆ ಯಾಕೆ? ಅದೂ ಜೀವನಪೂರ್ತಿ? ನೆಂಟರೊಬ್ಬರು ನಾಟಿ ಔಷಧಿ ಕೊಡುವವರ ಹತ್ತಿರ ಕರೆದುಕೊಂಡು ಹೋದರು. ಒಳ್ಳೆಯ ಮಾತಿನ ಮನುಷ್ಯ. ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಇಂಗ್ಲಿಷ್ ಮಾತ್ರೆ ಕರುಳನ್ನು ಸುಡುತ್ತದೆ, ಅದನ್ನು ಬಿಟ್ಟರೆ ಮಾತ್ರ ನಮ್ಮದು ಕೆಲಸ ಮಾಡುವುದು ಅಂದರು. ಕಾಗದದ ಪೊಟ್ಟಣದಲ್ಲಿ ಒಂದು ಕಂದು ಪುಡಿ. ಏನು ಪುಡಿ ಅಂತ ಕೇಳಿದರೆ ನಕ್ಕರು. ಮೂರು ತಿಂಗಳು ಪುಡಿ ತಿಂದೆ, ಮಾತ್ರೆ ಬಿಟ್ಟೆ. ಆರಾಮಾಗಿದ್ದೆ. ಊರಿಗೆಲ್ಲ ಸಾರಿದೆ.

ನಾಲ್ಕನೇ ತಿಂಗಳು ರಕ್ತ ಮತ್ತೆ ಕಂಡಿತು. ಫೋನ್ ಮಾಡಿದರೆ, "ವಿಷ ಹೊರಗೆ ಹೋಗ್ತಾ ಇದೆ, ಹೆದರಬೇಡಿ" ಅಂದರು. ದಿನಕ್ಕೆ ಹದಿನಾಲ್ಕು ಸಲ ವಿಷ ಹೊರಗೆ ಹೋಯಿತು. ಒಂದು ಶನಿವಾರ ಸಾಗರದ ಬಸ್ಸು ಹತ್ತಿದೆ. ಆಯನೂರು ದಾಟಿತು, ಕುಂಸಿ ದಾಟಿತು. ಆನಂದಪುರ ಬರುವಷ್ಟರಲ್ಲಿ ಡ್ರೈವರ್ ಹತ್ತಿರ ಹೋಗಿ ಬಸ್ ನಿಲ್ಲಿಸಿ ಅಂತ ಬೇಡಿದೆ. ಅವರು ನನ್ನ ಮುಖ ನೋಡಿ ಒಂದು ಮಾತೂ ಆಡದೆ ನಿಲ್ಲಿಸಿದರು. ರಸ್ತೆ ಬದಿಯ ಒಂದು ಮನೆಗೆ ಓಡಿದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ, "ಹಿಂದೆ ಇದೆ ಹೋಗವ್ವಾ" ಅಂದರು. ಹೊರಗೆ ಬಂದಾಗ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಜನ ಕಿಟಕಿಯಿಂದ ನೋಡುತ್ತಿದ್ದರು. ಆ ಡ್ರೈವರ್ ಮತ್ತು ಆ ಅಜ್ಜಿಗೆ ನಾನು ಇನ್ನೂ ಥ್ಯಾಂಕ್ಸ್ ಹೇಳಿಲ್ಲ. ಮಾರನೇ ದಿನ ಆಸ್ಪತ್ರೆಗೆ ಸೇರಿದೆ. ಹಿಮೋಗ್ಲೋಬಿನ್ 7.2. ಸ್ಟೀರಾಯ್ಡ್ ಡ್ರಿಪ್ಪು, ಎರಡು ಬಾಟಲಿ ರಕ್ತ, ಹತ್ತು ದಿನ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಮೂರು ತಿಂಗಳು ನಾನು ಯಾಕೆ ಚೆನ್ನಾಗಿದ್ದೆ? ಪುಡಿಯಿಂದ ಅಲ್ಲ. ಈ ಕಾಯಿಲೆಯೇ ಹಾಗೆ, ಏರುತ್ತದೆ, ತಾನಾಗಿ ಇಳಿಯುವುದೂ ಉಂಟು. ಔಷಧಿಗಳ ಪರೀಕ್ಷೆಯಲ್ಲಿ ಸುಮ್ಮನೆ ಬರೀ ಹಿಟ್ಟಿನ ಗುಳಿಗೆ ಕೊಟ್ಟವರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಸುಧಾರಣೆ ಕಾಣುತ್ತದೆ, ಹತ್ತರಲ್ಲಿ ಒಬ್ಬರಿಗೆ ಪೂರ್ತಿ ಆರಾಮ ಸಿಗುತ್ತದೆ. ಇಳಿಯುವ ಹೊತ್ತಿಗೆ ಯಾರು ಏನು ಕೊಟ್ಟಿದ್ದರೋ ಹೆಸರು ಅವರಿಗೆ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯಿತು. ಆ ಮನುಷ್ಯ ಮೋಸಗಾರ ಅಂತ ನನಗೆ ಈಗ ಅನ್ನಿಸುವುದಿಲ್ಲ. ಅವರು ಕಾಗೆಯನ್ನು ತುಂಬಾ ಸಲ ನೋಡಿರಬೇಕು, ಅಷ್ಟೇ. ಟೊಂಗೆ ಮುರಿಯದವರು ಅವರ ಹತ್ತಿರ ವಾಪಸ್ ಹೋಗಿ ಹೇಳುವುದಿಲ್ಲವಲ್ಲ. ನಾನೂ ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಇನ್ನೊಂದು ತುದಿಗೆ ಹಾರಿದೆ. ಗಿಡಮೂಲಿಕೆ ಅಂದರೆ ಸಾಕು, ಮೈ ಉರಿ. ಅಮ್ಮನ ತಂಬುಳಿಯನ್ನೂ ಮುಟ್ಟಲಿಲ್ಲ. ಒಂದು ದಿನ ಅಮ್ಮ ಬಟ್ಟಲು ಹಾಗೇ ಇರುವುದನ್ನು ನೋಡಿ ಕೇಳಿದಳು, "ನಿನ್ನ ಡಾಕ್ಟರು ಪಥ್ಯ ಎಂಥ ಹೇಳಿದಾರೆ?" ಏನೂ ಇಲ್ಲ, ಎಲ್ಲ ತಿನ್ನಬಹುದು ಅಂದಿದ್ದಾರೆ ಅಂದೆ. "ಪಥ್ಯ ಇಲ್ಲದ ಔಷಧಿ ಅದೆಂಥದೇ ಮಾರಾಯ್ತಿ!" ಅಂತ ಅವಳಿಗೆ ನಿಜಕ್ಕೂ ಆಶ್ಚರ್ಯ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಅಜ್ಜಿ ಕಾಲದಲ್ಲಿ ಯಾವ ಔಷಧಿ ತಂದರೂ ಮೊದಲ ಪ್ರಶ್ನೆ "ಪಥ್ಯ ಏನು?" ಕಾಮಾಲೆಗೆ ಒಂದು ಪಥ್ಯ, ಬಾಣಂತಿಗೆ ಒಂದು, ಕಷಾಯಕ್ಕೊಂದು. ಪಥ್ಯ ಔಷಧಿಯ ಜೊತೆಗೆ ಇರುವುದು. ಔಷಧಿ ಬಿಟ್ಟು ಪಥ್ಯ ಮಾಡಿ ಅಂತ ನಮ್ಮ ಹಳಬರು ಹೇಳಿದ್ದು ನನಗೆ ನೆನಪಿಲ್ಲ. ನಾನು ಮಾಡಿದ್ದು ಅದನ್ನೇ. "ನೈಸರ್ಗಿಕ" ಅನ್ನುವ ಹೊಸ ಕಾಲದ ಮಾತು ಕೇಳಿ ಜೋಡಿಯನ್ನು ಬಿಡಿಸಿಬಿಟ್ಟಿದ್ದೆ. ಸರ್ಕಾರಿ ಆಯುರ್ವೇದ ಆಸ್ಪತ್ರೆಯ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ನನ್ನ ಫೈಲ್ ಪೂರ್ತಿ ಓದಿದರು. ಚರಕ ಸಂಹಿತೆಯಲ್ಲಿ ಗ್ರಹಣಿ ಅನ್ನುವ ಜೀರ್ಣದ ರೋಗಕ್ಕೆ ಒಂದು ಅಧ್ಯಾಯವೇ ಇದೆ, ಅದರಲ್ಲಿ ಮಜ್ಜಿಗೆಯನ್ನು ಹೊಗಳಿದ್ದಾರೆ ಅಂದರು. ಆಮೇಲೆ ಹೇಳಿದ ಮೊದಲ ಮಾತು, "ನಿಮ್ಮ ಮೆಸಲಮೈನ್ ನಿಲ್ಲಿಸಬೇಡಿ." ಹೆಸರು ಹೇಳದ ಪುಡಿ, ಭಸ್ಮ ಯಾರು ಕೊಟ್ಟರೂ ತಗೋಬೇಡಿ ಅಂತಲೂ ಎಚ್ಚರಿಸಿದರು. ಅದಕ್ಕೆ ಕಾರಣ ಇದೆ. 2004ರಲ್ಲಿ ಅಮೆರಿಕದ ಬಾಸ್ಟನ್ ಅಂಗಡಿಗಳಲ್ಲಿ ಮಾರುತ್ತಿದ್ದ ದಕ್ಷಿಣ ಏಷ್ಯಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದರೆ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೈಗೆ ಸೇರಿದರೆ ಹೊಟ್ಟೆನೋವು, ರಕ್ತಹೀನತೆ. ನಮ್ಮಂಥವರು ಅದನ್ನು ಕಾಯಿಲೆಯದೇ ಲಕ್ಷಣ ಅಂದುಕೊಂಡು ಇನ್ನೊಂದು ಚಮಚ ನುಂಗುತ್ತೇವೆ.

ಅಂದ ಹಾಗೆ "ಕೆಮಿಕಲ್" ಅಂತ ನಾನು ಬಿಟ್ಟ ಮಾತ್ರೆಯ ಕುಲಗೋತ್ರವೂ ಸ್ವಾರಸ್ಯವಾಗಿದೆ. 1940ರ ಸುಮಾರಿಗೆ ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಅನ್ನುವ ವೈದ್ಯೆ ಕೀಲುನೋವಿಗೆ ಅಂತ ಸಲ್ಫಾಸಲಜಿನ್ ಅನ್ನುವ ಔಷಧಿಯ ಮೇಲೆ ಕೆಲಸ ಮಾಡಿದರು. ಅದು ಕರುಳಿನ ಹುಣ್ಣಿಗೂ ಆಗಿಬಂತು. ಅದರಲ್ಲಿ ಕೆಲಸ ಮಾಡುವ ಭಾಗವೇ ಮೆಸಲಮೈನ್. ಅದು ಸ್ಯಾಲಿಸಿಲೇಟ್ ಮನೆತನದ್ದು. ಆ ಮನೆತನದ ಮೂಲ ಹುಡುಕಿದರೆ ವಿಲ್ಲೋ ಮರದ ತೊಗಟೆ ಸಿಗುತ್ತದೆ. ಗಿಡಮೂಲಿಕೆ ಬೇಕು ಅಂತ ಓಡಾಡಿದವಳ ಕೈಯಲ್ಲೇ ಗಿಡದ ಮೊಮ್ಮಗ ಇದ್ದ!

ಈಗ ಅರಿಶಿನಕ್ಕೆ ಬರುತ್ತೇನೆ. ಯಾಕೆಂದರೆ ಐಬಿಡಿ ಅಂತ ಬಾಯಿಬಿಟ್ಟರೆ ಸಾಕು, ಹತ್ತು ಜನರಲ್ಲಿ ಎಂಟು ಜನ ಅರಿಶಿನದ ಹಾಲು ಕುಡಿ ಅನ್ನುತ್ತಾರೆ. ಇದು ಪೂರಾ ಗಾಳಿಮಾತೂ ಅಲ್ಲ. 2006ರಲ್ಲಿ ಜಪಾನಿನಲ್ಲಿ, ಹುಷಾರಾಗಿದ್ದ ಕೊಲೈಟಿಸ್ ರೋಗಿಗಳಿಗೆ ಮಾಮೂಲಿ ಮಾತ್ರೆಯ ಜೊತೆಗೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಸತ್ವ, ಕೊಟ್ಟರು. ಆರು ತಿಂಗಳಲ್ಲಿ 43 ಜನರಲ್ಲಿ ಇಬ್ಬರಿಗೆ ಮಾತ್ರ ಕಾಯಿಲೆ ಮರುಕಳಿಸಿತು. ಅದಿಲ್ಲದೆ ಬರೀ ಮಾತ್ರೆ ತಗೊಂಡ 39 ಜನರಲ್ಲಿ ಎಂಟು ಜನರಿಗೆ ಮರುಕಳಿಸಿತು. 2015ರ ಇನ್ನೊಂದು ಅಧ್ಯಯನದಲ್ಲಿ ಮೆಸಲಮೈನ್ ಜೊತೆಗೆ 3 ಗ್ರಾಂ ತಗೊಂಡ 26 ಜನರಲ್ಲಿ 14 ಜನ ನಾಲ್ಕು ವಾರದಲ್ಲಿ ಆರಾಮಾದರು. ಆದರೆ ದೆಹಲಿಯ ಏಮ್ಸ್ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದ್ದರು, ಪ್ರಯೋಜನ ಕಾಣಲಿಲ್ಲ.

ಗಣಿತದ ಟೀಚರ್ ಕೈಗೆ ಇಂಥ ಅಂಕಿ ಸಿಕ್ಕರೆ ಸುಮ್ನೆ ಇರುತ್ತಾಳಾ? ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು ಅಂತ ಹಿಡಿಯಿರಿ. ಒಂದು ಸಣ್ಣ ಚಮಚ ಅರಿಶಿನ 3 ಗ್ರಾಂ ತೂಗಿದರೆ, ಅದರಲ್ಲಿ 90 ಮಿಲಿಗ್ರಾಂ. ಆ ಅಧ್ಯಯನದ 3 ಗ್ರಾಂ ಬೇಕು ಅಂದರೆ ದಿನಕ್ಕೆ 100 ಗ್ರಾಂ ಅರಿಶಿನ ತಿನ್ನಬೇಕು. ಅಂದರೆ ಮೂವತ್ಮೂರು ಚಮಚ. ಅಮ್ಮ ಹುಳಿಗೆ ಹಾಕುವುದು ಎರಡು ಚಿಟಿಕೆ. ಲೆಕ್ಕ ಮಾಡಿ ತೋರಿಸಿದಾಗ ಅಮ್ಮ ಹೇಳಿದ್ದು, "ಅಷ್ಟು ತಿಂದರೆ ನೀನೇ ಗೌರಿ ಆಗ್ತೀಯ."

ಹಾಗಾದರೆ ಅಂಗಡಿಯ ಅರಿಶಿನದ ಕ್ಯಾಪ್ಸೂಲ್? ಅಲ್ಲೂ ಒಂದು ಮಾತಿದೆ, ಅದರ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ. ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ತೀರಾ ಕಮ್ಮಿ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಅದರ ಜೊತೆ ಕಾಳುಮೆಣಸಿನ ಖಾರದ ಸತ್ವವಾದ ಪೈಪರಿನ್ ಕೊಟ್ಟು ನೋಡಿದರು. ಮನುಷ್ಯರಲ್ಲಿ ಹೀರಿಕೆ 2000 ಪ್ರತಿಶತ ಜಾಸ್ತಿಯಾಯಿತು. ಇವತ್ತು ಜಗತ್ತಿನಲ್ಲಿ ಮಾರುವ ಎಷ್ಟೋ ಅರಿಶಿನದ ಗುಳಿಗೆಗಳಲ್ಲಿ ಕಾಳುಮೆಣಸು ಸೇರಿಸುವುದು ಆ ಕಾರಣಕ್ಕೆ. ಆದರೆ ನಮ್ಮ ಕಾಯಿಲೆಗೆ ಅದು ಕೆಲಸ ಮಾಡಬೇಕಿರುವುದು ಕರುಳಿನ ಗೋಡೆಯ ಮೇಲೆ, ರಕ್ತದಲ್ಲಿ ಅಲ್ಲ. ರಕ್ತಕ್ಕೆ ಜಾಸ್ತಿ ಸೇರಿದಷ್ಟೂ ಲಿವರ್‌ಗೆ ಕೆಲಸ. ಇಟಲಿ, ಅಮೆರಿಕಗಳಲ್ಲಿ ಅರಿಶಿನದ ಗುಳಿಗೆ ತಿಂದವರಿಗೆ ಲಿವರ್ ಊದಿದ ಪ್ರಕರಣಗಳು ದಾಖಲಾಗಿವೆ, ಕೆಲವರ ಗುಳಿಗೆಯಲ್ಲಿ ಪೈಪರಿನ್ ಕೂಡ ಇತ್ತು. ನಾನು ಒಂದು ವರ್ಷ ಬರೀ ಕರ್ಕ್ಯುಮಿನ್ ತಗೊಂಡೆ, ಡಾಕ್ಟರಿಗೆ ಹೇಳಿಯೇ ತಗೊಂಡೆ, ಮೂರು ತಿಂಗಳಿಗೊಮ್ಮೆ ಲಿವರ್ ಟೆಸ್ಟ್ ಮಾಡಿಸಿದೆ. ಉಪಯೋಗ ಆಯಿತಾ? ಆ ವರ್ಷ ಚೆನ್ನಾಗಿದ್ದೆ. ಕಾಗೆಯೋ ಟೊಂಗೆಯೋ ನನಗೆ ಗೊತ್ತಿಲ್ಲ. ತಿಂಗಳ ಖರ್ಚು ನೋಡಿ ನಿಲ್ಲಿಸಿದೆ.

ಹೀಗೆ ನೋಡುತ್ತಾ ಹೋದರೆ "ನೈಸರ್ಗಿಕ"ದಲ್ಲೂ ನಿಜವಾಗಿ ಶಕ್ತಿ ಇರುವ ಪದಾರ್ಥಗಳಿವೆ, ಅವಕ್ಕೆ ಹಲ್ಲೂ ಇದೆ. ಜಪಾನಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ನೀಲಿಯಂಥದ್ದೇ ಒಂದು ಪುಡಿಯನ್ನು ಕೊಲೈಟಿಸ್‌ಗೆ ಕೊಟ್ಟರು. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ ಪೇಟೆಯಲ್ಲಿ ಜನ ತಾವೇ ತಗೊಂಡು ತಿನ್ನತೊಡಗಿದರು. ಆಮೇಲೆ ಕೆಲವರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿತು. 2016ರ ಕೊನೆಗೆ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಡಬೇಕಾಯಿತು. ಲೋಳೆಸರದ ಕಥೆ ಸಣ್ಣದು. ಇಂಗ್ಲೆಂಡಿನಲ್ಲಿ 44 ಜನರ ಮೇಲೆ ಮಾಡಿದ ಒಂದು ಪರೀಕ್ಷೆಯಲ್ಲಿ ಒಳಗಿನ ಲೋಳೆ ಕೆಲವರಿಗೆ ಉಪಯೋಗವಾಯಿತು. ಆದರೆ ಸಿಪ್ಪೆಯ ಕೆಳಗಿನ ಹಳದಿ ರಸ ಜುಲಾಬು. ಮನೆಯಲ್ಲಿ ಕತ್ತರಿಸಿ ಕುಡಿದರೆ ಎರಡೂ ಒಟ್ಟಿಗೆ ಹೋಗುತ್ತದೆ. ನನ್ನ ಅನುಭವದಿಂದ ಹೇಳುತ್ತಿದ್ದೇನೆ, ಹೆಚ್ಚು ಕೇಳಬೇಡಿ.

ನನಗೆ ಇವೆಲ್ಲದಕ್ಕಿಂತ ಹೆಚ್ಚು ಒಗ್ಗಿದ್ದು ಇಸಬ್ಗೋಲ್. ನೋಡಲು ಏನೂ ಇಲ್ಲ, ಹೊಟ್ಟಿನ ಪೊಟ್ಟಣ. ಸ್ಪೇನಿನ ವೈದ್ಯರು 1999ರಲ್ಲಿ 105 ಜನರನ್ನು ಒಂದು ವರ್ಷ ನೋಡಿದ ಅಧ್ಯಯನ ಪ್ರಕಟಿಸಿದರು. ಇಸಬ್ಗೋಲ್ ಬೀಜ ಮಾತ್ರ ತಿಂದವರಲ್ಲಿ ನೂರಕ್ಕೆ 40, ಮೆಸಲಮೈನ್ ಮಾತ್ರ ತಿಂದವರಲ್ಲಿ 35, ಎರಡೂ ತಿಂದವರಲ್ಲಿ 30 ಜನರಿಗೆ ಹಿಡಿತ ತಪ್ಪಿತು. ಜನ ಕಮ್ಮಿ, ಹಾಗಾಗಿ ಈ ಅಂತರವನ್ನು ದೊಡ್ಡದು ಮಾಡಬಾರದು. ಆದರೂ "ಎರಡೂ" ಅನ್ನುವ ಕಾಲಂ ನೋಡಿದಾಗ ನನಗೆ ಅಮ್ಮನ ಪಥ್ಯದ ಮಾತು ನೆನಪಾಯಿತು. ಇಂಥ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಮಾಡುತ್ತವೆ. ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಅದೇ ಊಟ. ಬೆಣ್ಣೆಯಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು ಬಂದಿದ್ದು. ಅದನ್ನೇ ಹಿಡಿದುಕೊಂಡು ತುಪ್ಪ ತಿಂದರೆ ಕರುಳು ವಾಸಿ ಅನ್ನುವವರಿದ್ದಾರೆ. ತುಪ್ಪದ್ದು ಮೇಲೆ ಸಣ್ಣ ಕರುಳಿನಲ್ಲೇ ಖಾಲಿಯಾಗುತ್ತದೆ, ದೊಡ್ಡ ಕರುಳಿನವರೆಗೆ ತಲುಪುವುದಿಲ್ಲ. ತುಪ್ಪ ತಿನ್ನಿ, ರುಚಿಗೆ ತಿನ್ನಿ. ಇನ್ನೊಂದು ಎಚ್ಚರ: ಕ್ರೋನ್ಸ್‌ನಲ್ಲಿ ಕರುಳು ಕಿರಿದಾದವರಿಗೆ ಇಸಬ್ಗೋಲ್, ಸೊಪ್ಪಿನ ದಂಟು, ಸಿಪ್ಪೆ ಎಲ್ಲ ಸಿಕ್ಕಿಹಾಕಿಕೊಳ್ಳಬಹುದು. ಒಬ್ಬರ ಪಥ್ಯ ಇನ್ನೊಬ್ಬರ ಎಮರ್ಜೆನ್ಸಿ ಆಗುವ ಕಾಯಿಲೆ ಇದು.

ಮಜ್ಜಿಗೆಯ ಬಗ್ಗೆ ಅಮ್ಮನ ಹತ್ತಿರ ವಾದ ಮಾಡುವ ಹಾಗಿಲ್ಲ. ಆದರೆ ಮಜ್ಜಿಗೆಗೂ ಪರೀಕ್ಷೆಯಾದ ಪ್ರೊಬಯೋಟಿಕ್‌ಗೂ, ಅಂದರೆ ಔಷಧಿಯಂತೆ ಕೊಡುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ, ಅಂತರ ಇದೆ. ಅಂಥ ಒಂದರ ಕಥೆ ನನಗೆ ಇಷ್ಟ. ಮೊದಲ ಮಹಾಯುದ್ಧದಲ್ಲಿ ಸುತ್ತಲಿನ ಸೈನಿಕರೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗ ಒಬ್ಬ ಮಾತ್ರ ಗಟ್ಟಿಮುಟ್ಟಾಗಿದ್ದ. ಜರ್ಮನಿಯ ಆಲ್ಫ್ರೆಡ್ ನಿಸ್ಲೆ ಅವನ ಮಲದಿಂದ ಒಂದು ಬ್ಯಾಕ್ಟೀರಿಯಾ ಬೇರೆ ಮಾಡಿದರು. 1917ರಲ್ಲಿ. 2004ರಲ್ಲಿ ಅದನ್ನೇ 327 ರೋಗಿಗಳ ಮೇಲೆ ಮೆಸಲಮೈನ್ ಜೊತೆ ಹೋಲಿಸಿ ನೋಡಿದರೆ ಒಂದು ವರ್ಷದಲ್ಲಿ ಮರುಕಳಿಸಿದ್ದು ಹೆಚ್ಚುಕಡಿಮೆ ಸಮ, ನೂರಕ್ಕೆ 36 ಮತ್ತು 34. ಅಜ್ಜನ ಕಾಲದ ಒಬ್ಬ ಸೈನಿಕನ ಹೊಟ್ಟೆಯ ನಿವಾಸಿ ಇಷ್ಟು ಜನರ ಹೊಟ್ಟೆ ಕಾಯುತ್ತಿದೆ. ನನಗೆ ಹಾಲು ಆಗಿಬರುವುದಿಲ್ಲ, ಮಜ್ಜಿಗೆ ಆಗುತ್ತದೆ. ಹಾಲಿಗಿಂತ ಅದರಲ್ಲಿ ಲ್ಯಾಕ್ಟೋಸ್ ಕಮ್ಮಿ, ನೀರು ಜಾಸ್ತಿ. ಅಷ್ಟು ವಿವರಣೆ ನನಗೆ ಸಾಕು.

ಊಟದ ವಿಷಯದಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಹೇಳಲೇಬೇಕು. ಪಥ್ಯ ಅಂತ ಒಂದೊಂದೇ ಬಿಡುತ್ತಾ ಹೋದೆ. ಹಾಲು, ಗೋಧಿ, ಬದನೆಕಾಯಿ, ತೊಗರಿಬೇಳೆ, ಹುಣಸೆಹಣ್ಣು, ಹಸಿಮೆಣಸು, ರಾಗಿ. ಯಾರು ಏನು ಬಿಡು ಅಂದರೂ ಬಿಟ್ಟೆ. ಕೊನೆಗೆ ತಟ್ಟೆಯಲ್ಲಿ ಉಳಿದಿದ್ದು ಅನ್ನ, ಮಜ್ಜಿಗೆ, ಬೇಯಿಸಿದ ಸೋರೆಕಾಯಿ. ತೂಕ 41 ಕೆಜಿ. ಕಾಯಿಲೆ ಶಾಂತವಾಗಿತ್ತು, ನಾನು ಬಾಡಿಹೋಗಿದ್ದೆ. ಬಿ12 ಇಲ್ಲ, ವಿಟಮಿನ್ ಡಿ ಇಲ್ಲ, ಕಬ್ಬಿಣ ಇಲ್ಲ. ಆಗ ಡಯಟೀಷಿಯನ್ ಒಬ್ಬರು ಒಂದು ಇನ್ನೂರು ಪುಟದ ನೋಟ್‌ಬುಕ್ ತರಲು ಹೇಳಿದರು. ತಿಂದದ್ದು, ನಿದ್ದೆ, ಎಷ್ಟು ಸಲ ಹೋದೆ, ಆ ದಿನ ಏನಾಯಿತು, ಎಲ್ಲ ಬರೆಯಬೇಕು. ವಾರಕ್ಕೆ ಒಂದೇ ಒಂದು ಪದಾರ್ಥ ವಾಪಸ್ ಸೇರಿಸಬೇಕು.

ಆ ನೋಟ್‌ಬುಕ್ ಇನ್ನೂ ಇದೆ. ಬದನೆಕಾಯಿಯನ್ನು ಮೂರು ವರ್ಷ ಸುಮ್ನೆ ಅಪರಾಧಿ ಮಾಡಿದ್ದೆ. ಅದರಿಂದ ಏನೂ ಆಗಲಿಲ್ಲ. ರಾಗಿ ಕೂಡ ಹಿಟ್ಟು ಸೋಸಿ ಅಂಬಲಿ ಮಾಡಿದರೆ ಆಗುತ್ತದೆ, ಮುದ್ದೆ ಮಾತ್ರ ಕಾಯಿಲೆ ಕೆರಳಿದಾಗ ಬೇಡ. ಹಸಿ ಕೋಸಂಬರಿ ಆಗುವುದಿಲ್ಲ, ಅದನ್ನೇ ಬೇಯಿಸಿ ಪಲ್ಯ ಮಾಡಿದರೆ ಆಗುತ್ತದೆ. ಪುಟ ತಿರುವಿದರೆ ನಿಜವಾದ ಅಪರಾಧಿಗಳು ಬೇರೆ ಕಡೆ ಇದ್ದವು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗಿದ ಪೇನ್‌ಕಿಲ್ಲರ್. ಆ ಮಂಡಿನೋವೂ ಈ ಕಾಯಿಲೆಯದೇ ಒಂದು ಮುಖ, ಅದಕ್ಕೆ ನುಂಗಿದ ಮಾತ್ರೆ ಕರುಳನ್ನು ಕೆರಳಿಸಿತು. ಇನ್ನೊಂದು, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ಮೂರು ವರ್ಷವೂ ಏಪ್ರಿಲ್ ಪುಟಗಳಲ್ಲಿ ಕೆಂಪು ಗುರುತು. ಆ ದಿನಗಳಲ್ಲಿ ತಿಂದದ್ದು ಮೊಸರನ್ನ, ಇಡ್ಲಿ. ಊಟ ಬಲ್ಲವಳೇ ಆಗಿದ್ದೆ. ನಿದ್ದೆ ಮಾತ್ರ ನಾಲ್ಕು ಗಂಟೆ, ಮೌಲ್ಯಮಾಪನ ಕೇಂದ್ರದಲ್ಲಿ ನೂರಾರು ಜನರಿಗೆ ಎರಡು ಟಾಯ್ಲೆಟ್.

ಯೋಗಕ್ಕೆ ನಾನು ಅನುಮಾನದಿಂದಲೇ ಸೇರಿದ್ದು. ಜರ್ಮನಿಯಲ್ಲಿ 77 ಜನ ಕೊಲೈಟಿಸ್ ರೋಗಿಗಳಲ್ಲಿ ಅರ್ಧ ಜನರಿಗೆ ಹನ್ನೆರಡು ವಾರ, ವಾರಕ್ಕೆ ಒಂದೂವರೆ ಗಂಟೆ ಯೋಗ ಹೇಳಿಕೊಟ್ಟರು. ಅವರ ಬದುಕು ಉಳಿದವರಿಗಿಂತ ಹಗುರವಾಯಿತು ಅಂತ 2017ರಲ್ಲಿ ಬರೆದಿದ್ದಾರೆ. ಹುಣ್ಣು ಮಾಯುತ್ತದೆ ಅಂತ ನಾನು ಹೇಳಲಾರೆ. ಆದರೆ ಹೊಟ್ಟೆ ಗುಡುಗಿದ ಕೂಡಲೇ ಎದೆ ಹೊಡೆದುಕೊಳ್ಳುವುದು, ಅದರಿಂದ ಹೊಟ್ಟೆ ಇನ್ನಷ್ಟು ಗುಡುಗುವುದು, ಆ ಸುತ್ತು ನಿಧಾನ ಆಗಿದೆ. ಇನ್ನೂ ಜಾಸ್ತಿ ಉಪಯೋಗವಾಗಿದ್ದು ಒಂದು ಬೀಗದ ಕೈ. ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ನನ್ನ ಕಾಯಿಲೆ ಇಂಥದ್ದು ಅಂತ ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಅವರು ಸ್ಟಾಫ್ ಟಾಯ್ಲೆಟ್ಟಿನ ಇನ್ನೊಂದು ಕೀ ಮಾಡಿಸಿಕೊಟ್ಟರು. ನೆಲಮಹಡಿಯ ಕ್ಲಾಸುಗಳನ್ನೇ ನನಗೆ ಹಾಕಿಸಿದರು. "ಸಮಗ್ರ ಚಿಕಿತ್ಸೆ" ಅಂತ ದೊಡ್ಡ ಮಾತಿನಲ್ಲಿ ಹೇಳುತ್ತಾರಲ್ಲ, ನನ್ನ ಮಟ್ಟಿಗೆ ಅದರ ಮುಖ್ಯ ಭಾಗ ಎರಡು ಇಂಚಿನ ಆ ಕೀ. ಈಗಲೂ ಸೆರಗಿನ ಪಿನ್ನಿನ ಹತ್ತಿರ ನೇತಾಡುತ್ತಿರುತ್ತದೆ. ಮಕ್ಕಳು ಅದನ್ನು ಲ್ಯಾಬಿನ ಕೀ ಅಂದುಕೊಂಡಿದ್ದಾರೆ.

ಕಾಯಿಲೆ ಎಂಟು ವರ್ಷ ದಾಟಿದ ಮೇಲೆ ಕ್ಯಾನ್ಸರ್ ಇದೆಯಾ ಅಂತ ಆಗಾಗ ಕೊಲೊನೋಸ್ಕೋಪಿ ಮಾಡಿಸಬೇಕು. ಮಾಡಿಸುತ್ತೇನೆ. ಕ್ಷೇಮವಾಗಿದ್ದೇನೆ ಅಂತ ನನಗೆ ಅನ್ನಿಸುವುದಕ್ಕೂ ಕರುಳು ಕ್ಷೇಮವಾಗಿರುವುದಕ್ಕೂ ವ್ಯತ್ಯಾಸ ಇದೆ ಅಂತ ಆ ಪುಡಿ ಕಲಿಸಿತಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್ಪ್ರೊಟೆಕ್ಟಿನ್ ಟೆಸ್ಟ್ ಕೂಡ. ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಶಾಂತಿ, 250 ದಾಟಿದರೆ ಒಳಗೆ ಉರಿ ಇದೆ ಅಂತ. ಹೊಸದಾಗಿ ಏನು ಸೇರಿಸಿದರೂ, ತಂಬುಳಿಯಾಗಲಿ ಗುಳಿಗೆಯಾಗಲಿ, ನಾನು ಕೇಳುವುದು ಈ ಅಂಕಿಯನ್ನು. ನೆಂಟರನ್ನಲ್ಲ.

ಈ ಸಲದ ಬೇಸಿಗೆ ರಜಕ್ಕೆ ಊರಿಗೆ ಹೋದಾಗ ರಿಪೋರ್ಟ್ ಮೊಬೈಲಿಗೆ ಬಂತು. ಅಮ್ಮ ಜಗಲಿಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನಹಣ್ಣು ಬಿಡಿಸುತ್ತಿದ್ದಳು. ಮನೆಯೆಲ್ಲ ಘಮಘಮ. ಹತ್ತು ವರ್ಷದಿಂದ ನಾನು ಹಲಸು ಮುಟ್ಟಿಲ್ಲ.

"ಎಷ್ಟು ಬಂತೇ?" ಅಂದಳು.

"ಎಪ್ಪತ್ತೆರಡು."

"ಅಂದರೆ ಪಾಸಾ, ಫೇಲಾ?"

"ಹೆಚ್ಚುಕಡಿಮೆ ಪಾಸು. ಡಿಸ್ಟಿಂಕ್ಷನ್ ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. ಎರಡು ಸೊಳೆ ಆರಿಸಿ, ನಾರು ಪೂರ್ತಿ ತೆಗೆದು, ಬಾಳೆಲೆಯ ತುಂಡಿನ ಮೇಲಿಟ್ಟು ನನ್ನ ಕಡೆ ತಳ್ಳಿದಳು. "ಮಾತ್ರೆ ತಗೊಂಡ್ಯಾ?" ಅಂತ ಕೇಳಿದಳು. ತಗೊಂಡಿದ್ದೆ. ನಿಧಾನಕ್ಕೆ ಅಗಿದು ಎರಡೂ ತಿಂದೆ. ನೋಟ್‌ಬುಕ್ಕಿನಲ್ಲಿ ಬರೆದೆ. ಮೂರನೆಯದಕ್ಕೆ ಕೈ ಚಾಚಿದೆ. ಅಮ್ಮ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.